ಹೆಂಚಿಗಿಂತ ಮೊದಲು ಹತ್ತು ಜನ: ಖಾಲಿಯಾದ ಪ್ರಾರ್ಥನಾ ಮಂದಿರವನ್ನು ಮತ್ತೆ ನಡೆಸುವ ಬಗೆ

ಮಲೆನಾಡಿನಲ್ಲಿ ಯಹೂದಿಗಳ ಪ್ರಾರ್ಥನಾ ಮಂದಿರ, ಅಂದರೆ ಸಿನಗಾಗ್ ಇಲ್ಲ. ಆದರೆ ಕೊಚ್ಚಿ, ಕೋಲ್ಕತ್ತ, ಮುಂಬೈಗಳ ಸಿನಗಾಗ್‌ಗಳಿಗೆ ಬಂದ ಸ್ಥಿತಿ ನಮ್ಮ ಊರುಗಳಿಗೆ ಹೊಸದಲ್ಲ. ಎರಡೇ ಮನೆ ಉಳಿದ ಬಸದಿ, ಎಸ್ಟೇಟಿನ ಕಾಲದಲ್ಲಿ ಕಟ್ಟಿ ಈಗ ತಿಂಗಳಿಗೊಮ್ಮೆ ಬಾಗಿಲು ತೆರೆಯುವ ಚರ್ಚು, ಪೇಟೆ ಬೇರೆ ಕಡೆ ಸರಿದ ಮೇಲೆ ಜಮಾತು ಕರಗಿದ ಮಸೀದಿ, ಮಕ್ಕಳೆಲ್ಲ ಬೆಂಗಳೂರು ಸೇರಿದ ಮೇಲೆ ಭಜನೆ ನಿಂತ ಮಂದಿರ. ಇಂಥ ಕಡೆ ಜನ ಸೇರಿದ ಕೂಡಲೇ ಮೊದಲು ಆಡುವ ಮಾತು ಸೂರಿನದು. ಚಂದಾ ಎತ್ತುತ್ತಾರೆ, ಹೆಂಚು ಇಳಿಸಿ ಶೀಟು ಹಾಕುತ್ತಾರೆ, ನೆಲಕ್ಕೆ ಗ್ರಾನೈಟು ಹಾಸುತ್ತಾರೆ, ದಾನಿಗಳ ಹೆಸರಿನ ಕಲ್ಲು ನಿಲ್ಲಿಸುತ್ತಾರೆ. ಮೂರು ವರ್ಷ ಕಳೆಯುವಷ್ಟರಲ್ಲಿ ಹೊಸ ಬಾಗಿಲಿಗೆ ಹಳೇ ಬೀಗ ಬಿದ್ದಿರುತ್ತದೆ.

ಈ ಬರಹ ಅಂಥ ಮಂದಿರದ ಹೊಣೆ ಹೊತ್ತ ಐದಾರು ಜನರಿಗಾಗಿ. ಭಾರತದ ಯಹೂದಿಗಳನ್ನು ಮಾದರಿಗೆ ಇಟ್ಟುಕೊಂಡಿದ್ದಕ್ಕೆ ಕಾರಣವಿದೆ. ಒಂದೆರಡು ತಲೆಮಾರಿನೊಳಗೆ ಬಹುಪಾಲು ಜನ ಹೊರಟುಹೋದ ಮೇಲೆ ಮಂದಿರವನ್ನು ಏನು ಮಾಡಬೇಕು ಎಂಬ ಪ್ರಶ್ನೆಗೆ ಅವರಲ್ಲಿ ನಾಲ್ಕೈದು ಬೇರೆ ಬೇರೆ ಉತ್ತರಗಳಿವೆ. ಕೆಲವು ನಿಂತವು, ಕೆಲವು ಕುಸಿದವು. ಎರಡನ್ನೂ ಹೋಗಿ ಕಣ್ಣಾರೆ ನೋಡಬಹುದು.

ಮೊದಲ ಕೆಲಸ ಎಣಿಕೆ

ಯಹೂದಿ ಸಂಪ್ರದಾಯದಲ್ಲಿ ಸಾಮೂಹಿಕ ಪ್ರಾರ್ಥನೆಗೆ ಕನಿಷ್ಠ ಹತ್ತು ಜನ ಬೇಕು. ಸಾಂಪ್ರದಾಯಿಕ ಸಿನಗಾಗ್‌ಗಳಲ್ಲಿ 13 ತುಂಬಿದ ಗಂಡಸರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ಈ ಹತ್ತಕ್ಕೆ ಮಿನ್ಯಾನ್ ಎಂದು ಹೆಸರು. ಹತ್ತು ತುಂಬದಿದ್ದರೆ ಅವರ ಧರ್ಮಗ್ರಂಥವಾದ ತೋರಾದ ಸುರುಳಿಯನ್ನು ಹೊರತೆಗೆದು ಸಭೆಯಲ್ಲಿ ಓದುವಂತಿಲ್ಲ, ತೀರಿಕೊಂಡವರ ಹೆಸರಿನಲ್ಲಿ ಕದ್ದಿಶ್ ಎಂಬ ಪ್ರಾರ್ಥನೆ ಹೇಳುವಂತಿಲ್ಲ. ಒಬ್ಬೊಬ್ಬರೇ ಮಾಡುವ ಪ್ರಾರ್ಥನೆಗೆ ಅಡ್ಡಿಯಿಲ್ಲ.

ಕೊಚ್ಚಿಯ ಪರದೇಸಿ ಸಿನಗಾಗ್ ಕಟ್ಟಿದ್ದು 1568ರಲ್ಲಿ. 1968ರಲ್ಲಿ ಅದರ 400ನೇ ವರ್ಷದ ಉತ್ಸವಕ್ಕೆ ಪ್ರಧಾನಿ ಇಂದಿರಾ ಗಾಂಧಿ ಬಂದಿದ್ದರು. ಅಷ್ಟು ಹೊತ್ತಿಗಾಗಲೇ ಕೊಚ್ಚಿ ಸೀಮೆಯ ಬಹುಪಾಲು ಯಹೂದಿಗಳು ಇಸ್ರೇಲಿಗೆ ಹೋಗಿಯಾಗಿತ್ತು. ದೊಡ್ಡ ಗುಂಪುಗಳು ಹೊರಟಿದ್ದು 1950ರ ದಶಕದ ಮಧ್ಯದಲ್ಲಿ. ಆಮೇಲೆ ಬರಬರುತ್ತ, ಪ್ರವಾಸಕ್ಕೆ ಬಂದ ಯಹೂದಿಗಳು ಸೇರಿ ಹತ್ತು ತುಂಬಿದ ದಿನ ಮಾತ್ರ ಪೂರ್ತಿ ಪ್ರಾರ್ಥನೆ ಎಂಬಂತಾಯಿತು. ಕಟ್ಟಡ ಗಟ್ಟಿಯಾಗಿತ್ತು, ನೆಲದ ಹೆಂಚು ಹೊಳೆಯುತ್ತಿತ್ತು. ಕಡಿಮೆ ಬಿದ್ದದ್ದು ಜನ.

ನಿಮ್ಮ ಸಂಪ್ರದಾಯದಲ್ಲಿ ಹತ್ತರ ನಿಯಮ ಇಲ್ಲದಿರಬಹುದು. ಆದರೂ ಒಂದು ಸಂಖ್ಯೆಯನ್ನು ನೀವೇ ಗೊತ್ತು ಮಾಡಿಕೊಳ್ಳಿ. ಮೊದಲು ಒಂದು ಉದ್ದ ಲೆಕ್ಕದ ಪುಸ್ತಕ ತಂದು ಮನೆಪಟ್ಟಿ ಬರೆಯಿರಿ. ಮನೆಯ ಹೆಸರು, ಊರಿನಲ್ಲೇ ಇರುವವರು, ಹೊರಗಿರುವವರು ಮತ್ತು ಅವರು ಯಾವ ತಿಂಗಳು ಬರುತ್ತಾರೆ, ಮನೆಯಿಂದ ಮಂದಿರಕ್ಕೆ ಎಷ್ಟು ದೂರ, ಗಾಡಿ ಇದೆಯೋ ಇಲ್ಲವೋ, ಓದುವುದು, ಹಾಡುವುದು, ಅಡುಗೆ, ಲೆಕ್ಕ, ಮರಗೆಲಸ ಇವುಗಳಲ್ಲಿ ಯಾರಿಗೆ ಏನು ಬರುತ್ತದೆ. ಫೋನಿನಲ್ಲಿ ಕೇಳಿ ಬರೆಯಬೇಡಿ, ಮನೆಗೇ ಹೋಗಿ. ಮನೆಯಲ್ಲಿ ಕೂತು ಮಾತಾಡುವಾಗ ಅಟ್ಟದ ಮೇಲಿನ ಹಳೇ ಫೋಟೊ, ಪೆಟ್ಟಿಗೆಯ ಕಾಗದಗಳ ಸುದ್ದಿಯೂ ಹೊರಬೀಳುತ್ತದೆ. ಅದು ಮುಂದೆ ಬೇಕಾಗುತ್ತದೆ.

ಆಮೇಲೆ ಎಂಟು ವಾರ ಹಾಜರಿ ಗುರುತಿಸಿ. ಸರಾಸರಿ ತೆಗೆಯಬೇಡಿ. ಎಂಟು ವಾರದಲ್ಲಿ 4, 5, 3, 6, 4, 41, 5, 4 ಜನ ಬಂದರು ಎಂದುಕೊಳ್ಳಿ. ನಡುವಿನ 41 ಹಬ್ಬದ ದಿನದ್ದು. ಸರಾಸರಿ 9 ಬರುತ್ತದೆ, ಮನಸ್ಸಿಗೆ ಹಿತವಾಗುತ್ತದೆ, ಒಂಬತ್ತು ಜನರನ್ನು ನಂಬಿ ಪ್ರತಿ ವಾರದ ಕಾರ್ಯಕ್ರಮ ಹಾಕಿಕೊಳ್ಳುತ್ತೀರಿ. ಬರುವವರು ನಾಲ್ಕೇ ಜನ. ಮೂರನೇ ತಿಂಗಳಿಗೆ ಆ ನಾಲ್ವರೂ ಸೋತುಹೋಗುತ್ತಾರೆ. ಹಬ್ಬದ ದಿನವನ್ನು ಬಿಟ್ಟು ಉಳಿದವುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ದಿನದ ಸಂಖ್ಯೆ ನೋಡಿ. ಇಲ್ಲಿ ಅದು 3. ಕೆಲಸ ಹಂಚುವಾಗ ಆ ಮೂವರಿಂದ ಆಗುವಷ್ಟನ್ನೇ ಹಂಚಿ.

ಸಂಖ್ಯೆ ಐದಕ್ಕಿಂತ ಕೆಳಗಿದ್ದರೆ ವಾರದ ಸಭೆ ಬೇಡ. ದಿನಾ ದೀಪ ಹಚ್ಚಲು, ಬಾಗಿಲು ತೆಗೆದು ಗುಡಿಸಲು ಒಬ್ಬರು ಸಾಕು. ಸಾಮೂಹಿಕ ಪ್ರಾರ್ಥನೆ ತಿಂಗಳಿಗೆ ಒಂದೇ ದಿನ ಇರಲಿ, ಅದು ಬಿಡದೆ ನಡೆಯಲಿ. ನಾಲ್ಕು ವಾರ ನಾಲ್ಕು ನಾಲ್ಕು ಜನ ಬರುವುದಕ್ಕಿಂತ ಒಂದು ದಿನ ಹದಿನಾಲ್ಕು ಜನ ಬರುವುದು ಮೇಲು. ಖಾಲಿ ಹಾಲ್‌ನಲ್ಲಿ ಕೂತ ಮಗು ಮತ್ತೆ ಬರುವುದಿಲ್ಲ.

ದಿನ ಗೊತ್ತುಮಾಡುವಾಗ ಮಲೆನಾಡಿನ ವರ್ಷವನ್ನು ಮುಂದಿಟ್ಟುಕೊಳ್ಳಿ. ಜುಲೈ ನಾಟಿಯ ತಿಂಗಳು. ಅಕ್ಟೋಬರ್ ಕಳೆದ ಮೇಲೆ ಅಡಿಕೆ ಕೊನೆ ಕೊಯ್ಲು, ಸುಲಿಯುವುದು, ಬೇಯಿಸುವುದು. ಕೊಪ್ಪ, ಬಾಳೆಹೊನ್ನೂರು ಕಡೆ ಕಾಫಿ ಕೊಯ್ಲು ಫೆಬ್ರವರಿವರೆಗೂ ಎಳೆಯುತ್ತದೆ. ಆಗುಂಬೆ ಸುತ್ತ ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಹೆಚ್ಚು ಮಳೆ. ಅಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಂಜೆಯ ಕಾರ್ಯಕ್ರಮ ಇಟ್ಟರೆ ವಯಸ್ಸಾದವರು ಬರಲಾರರು. ಸಂತೆಯ ದಿನ ಬೆಳಿಗ್ಗೆ ಇಟ್ಟರೆ ಜನ ಹೇಗೂ ಪೇಟೆಗೆ ಬಂದಿರುತ್ತಾರೆ. ಕೊನೆಯ ಬಸ್ಸಿಗೆ ಮುಕ್ಕಾಲು ಗಂಟೆ ಮುಂಚೆ ಎಲ್ಲ ಮುಗಿದಿರಬೇಕು. ಹೊರಗಿನ ಮಕ್ಕಳು ಊರಿಗೆ ಬರುವ ದೀಪಾವಳಿ, ಯುಗಾದಿಯ ಆಸುಪಾಸಿನ ರಜೆಗಳಿಗೆ ದೊಡ್ಡ ಸಭೆ ಇಟ್ಟು, ಆರು ತಿಂಗಳು ಮುಂಚೆಯೇ ತಾರೀಕು ತಿಳಿಸಿ. 

ಇತಿಹಾಸ ಬರೆಯುವುದು

ಹಣ ಕೇಳುವ ಮೊದಲು ಇತಿಹಾಸ ಬರೆದಿಟ್ಟುಕೊಳ್ಳಬೇಕು. ಬಿಟ್ಟು ಹೋದವರನ್ನು ಮತ್ತೆ ಕಟ್ಟಿಹಾಕುವುದು ಅವರ ಅಜ್ಜಿಯ ಹೆಸರು, ಅದು ಬಿಟ್ಟರೆ ಬೇರೆ ಯಾವುದೂ ಅಷ್ಟು ಬಲವಾಗಿ ಎಳೆಯುವುದಿಲ್ಲ.

ಕಲ್ಲಿನಿಂದ ಶುರುಮಾಡಿ. ಸಮಾಧಿ ಕಲ್ಲು, ಬಾಗಿಲ ಮೇಲಿನ ಬರಹ, ದಾನದ ಫಲಕ, ಗಂಟೆಯ ಅಂಚು, ಕಂಚಿನ ದೀಪದ ತಳ, ಹಿತ್ತಾಳೆ ಕೊಡದ ಕಂಠ ಎಲ್ಲವನ್ನೂ ನೋಡಿ. ಕೇರಳದ ಚೆಂದಮಂಗಲಂ ಸಿನಗಾಗ್‌ನಲ್ಲಿರುವ ಸಾರಾ ಎಂಬ ಹೆಣ್ಣುಮಗಳ ಸಮಾಧಿ ಕಲ್ಲು 1269ರದು. ಭಾರತದಲ್ಲಿ ಸಿಕ್ಕ ಹೀಬ್ರೂ ಕಲ್ಲುಬರಹಗಳಲ್ಲಿ ಅದೇ ಹಳೆಯದು. ಒಂದು ಸಮುದಾಯ ಆ ನೆಲದಲ್ಲಿ ಎಷ್ಟು ಹಿಂದಿನಿಂದ ಇದೆ ಎಂದು ಹೇಳಲು ಒಬ್ಬ ಹೆಂಗಸಿನ ಹೆಸರು ಕೆತ್ತಿದ ಒಂದು ಕಲ್ಲು ಸಾಕಾಯಿತು.

ಕಲ್ಲನ್ನು ಓದುವಾಗ ಸೀಮೆಸುಣ್ಣ ತುಂಬಬೇಡಿ, ತಂತಿ ಬ್ರಷ್ಷು ಮುಟ್ಟಿಸಬೇಡಿ, ಆಸಿಡ್ ಅಂತೂ ಬೇಡವೇ ಬೇಡ. ಮೃದುವಾದ ನೈಲಾನ್ ಬ್ರಷ್ಷು ಮತ್ತು ಬರೀ ನೀರು ಸಾಕು. ಪಾಚಿ ಹಸಿಯಾಗಿದ್ದಾಗ ಕೆರೆದರೆ ಕಲ್ಲಿನ ಹುಡಿಯೂ ಬರುತ್ತದೆ, ಜನವರಿ ಬಿಸಿಲಿಗೆ ಅದು ಒಣಗಿದ ಮೇಲೆ ತಾನಾಗಿ ಏಳುತ್ತದೆ. ಫೋಟೊವನ್ನು ಕತ್ತಲಾದ ಮೇಲೆ ತೆಗೆಯಿರಿ: ಒಬ್ಬರು ಟಾರ್ಚನ್ನು ಕಲ್ಲಿನ ಪಕ್ಕಕ್ಕೆ, ಮೇಲ್ಮೈಗೆ ತಾಗುವಷ್ಟು ಓರೆಯಾಗಿ ಹಿಡಿಯಲಿ, ಮತ್ತೊಬ್ಬರು ಎದುರಿನಿಂದ ತೆಗೆಯಲಿ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು. ಹಗಲು ನುಣ್ಣಗೆ ಕಂಡ ಕಲ್ಲಿನ ಮೇಲೆ ಅಕ್ಷರದ ನೆರಳು ಎದ್ದು ನಿಲ್ಲುತ್ತದೆ. ಪಕ್ಕದಲ್ಲಿ ಒಂದು ಅಡಿಪಟ್ಟಿ ಇಟ್ಟಿರಿ.

ಇಸವಿ ಲೆಕ್ಕದಲ್ಲಿ ತಪ್ಪುವವರೇ ಹೆಚ್ಚು. ಶಾಲಿವಾಹನ ಶಕಕ್ಕೆ 78 ಕೂಡಿಸಿ; ಜನವರಿಯಿಂದ ಯುಗಾದಿಯೊಳಗಿನ ತಿಥಿಯಾದರೆ 79. ಜೈನರ ವೀರ ನಿರ್ವಾಣ ಸಂವತ್ಸರದಲ್ಲಿ 527 ಕಳೆಯಿರಿ, ಜನವರಿಯಿಂದ ದೀಪಾವಳಿಯವರೆಗಿನ ತಿಥಿಯಾದರೆ 526. ಹಿಜರಿ ವರ್ಷ ಸುಮಾರು 354 ದಿನದ್ದು. ಹಿಜರಿ ಇಸವಿಯನ್ನು 0.97ರಿಂದ ಗುಣಿಸಿ 622 ಕೂಡಿಸಿದರೆ ಒಂದು ವರ್ಷ ಆಚೀಚೆ ಸಿಗುತ್ತದೆ. ಯಹೂದಿ ವರ್ಷ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹುಟ್ಟುತ್ತದೆ: ಅಲ್ಲಿಂದ ಡಿಸೆಂಬರ್‌ವರೆಗಾದರೆ 3761, ಜನವರಿಯ ನಂತರವಾದರೆ 3760 ಕಳೆಯಬೇಕು. ಪರದೇಸಿ ಸಿನಗಾಗ್‌ನ ಗೋಡೆಯಲ್ಲಿ ಕೂರಿಸಿದ ಹಳೆಯ ಕೊಚ್ಚಂಗಾಡಿ ಸಿನಗಾಗ್‌ನ ಕಲ್ಲು 5105ನೇ ವರ್ಷದ್ದು, ಅಂದರೆ ನಮ್ಮ ಲೆಕ್ಕದ 1344–45. ಹೀಬ್ರೂವಿನಲ್ಲಿ ಅಂಕಿಗಳನ್ನು ಅಕ್ಷರಗಳಲ್ಲೇ ಬರೆಯುವುದುಂಟು, ಮೇಲಿನ 5000ವನ್ನು ಎಷ್ಟೋ ಸಲ ಬರೆಯದೆ ಬಿಡುತ್ತಾರೆ. ಕೆಲವು ಕಡೆ ಧರ್ಮಗ್ರಂಥದ ಒಂದು ಸಾಲನ್ನೇ ಕೆತ್ತಿ, ಅದರ ಕೆಲವು ಅಕ್ಷರಗಳ ಮೇಲೆ ಚುಕ್ಕಿ ಇಟ್ಟು, ಕೂಡಿದರೆ ಇಸವಿ ಬರುವಂತೆ ಮಾಡಿರುತ್ತಾರೆ. ಅಕ್ಷರಗಳಿಂದ ಅಂಕಿ ಹೇಳುವ ನಮ್ಮ ಕಟಪಯಾದಿ ಗೊತ್ತಿದ್ದವರಿಗೆ ಇದು ಹೊಸದಾಗಿ ಕಾಣಲಾರದು. ಅವರ ಪಂಚಾಂಗವೂ ನಮ್ಮದರ ಹಾಗೆ ಚಂದ್ರನನ್ನು ಹಿಡಿದು ಸೂರ್ಯನಿಗೆ ಹೊಂದಿಸಿಕೊಳ್ಳುವಂಥದು, 19 ವರ್ಷಕ್ಕೆ ಏಳು ಅಧಿಕ ಮಾಸ.

ಮಲೆನಾಡಿನಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಹೆಂಚು ಇಳಿಸುವಾಗ ಬೆನ್ನಿನ ಮೇಲೆ 1865 ಎಂದು ಅಚ್ಚು ಕಾಣುತ್ತದೆ, ಕೂಡಲೇ ಕಟ್ಟಡ 1865ರದು ಎಂದು ಫಲಕ ಬರೆಸುತ್ತಾರೆ. ಅದು ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾದ ವರ್ಷ. ಅದೇ ಅಚ್ಚು ಎಷ್ಟೋ ದಶಕ ನಡೆಯಿತು. ಹೆಂಚಿನ ಇಸವಿ ಕಟ್ಟಡದ ಇಸವಿಯಲ್ಲ, ಮಾಡಿಗೆ ಆ ಹೆಂಚು ಇದಕ್ಕಿಂತ ಹಿಂದೆ ಬಂದಿರಲಾರದು ಎಂದು ಹೇಳಲು ಮಾತ್ರ ಅದನ್ನು ಬಳಸಬಹುದು.

ಇನ್ನೊಂದು ಎಚ್ಚರಿಕೆ, ಇದಕ್ಕೆ ಶಿವಮೊಗ್ಗ ಜಿಲ್ಲೆಯದೇ ಉದಾಹರಣೆ. 1783ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬೈ ಸೈನ್ಯ ಬಿದನೂರನ್ನು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರವನ್ನು ಹಿಡಿಯಿತು. ಕೆಲವೇ ತಿಂಗಳಲ್ಲಿ ಟಿಪ್ಪು ಮರಳಿ ಪಡೆದ. ಮುಂಬೈ ಸೈನ್ಯದಲ್ಲಿ ಬೆನೆ ಇಸ್ರೇಲ್ ಪಂಗಡದ ಯಹೂದಿ ಸಿಪಾಯಿಗಳೂ ಅಧಿಕಾರಿಗಳೂ ಇದ್ದರು. ಅವರಲ್ಲೊಬ್ಬ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಮೈಸೂರು ಯುದ್ಧದಲ್ಲಿ ಟಿಪ್ಪುವಿನ ಸೆರೆಯಾಳಾಗಿ, ಬಿಡುಗಡೆಯಾಗಿ ಮುಂಬೈಗೆ ಮರಳಿ 1796ರಲ್ಲಿ ಮಾಂಡ್ವಿಯಲ್ಲಿ ಶಾರ್ ಹರಹಮಿಮ್ ಸಿನಗಾಗ್ ಕಟ್ಟಿಸಿದ. ಮುಂಬೈಯ ಮೊದಲ ಸಿನಗಾಗ್ ಅದು, ಬದುಕಿ ಬಂದದ್ದಕ್ಕೆ ಸಲ್ಲಿಸಿದ ಹರಕೆ. ಈ ಎರಡು ಸಂಗತಿಗಳನ್ನು ಪಕ್ಕಪಕ್ಕ ಇಟ್ಟರೆ ದಿವೇಕರ್ ನಗರದ ಕೋಟೆಯಲ್ಲೇ ಸೆರೆ ಸಿಕ್ಕ ಎಂದು ಬರೆಯಲು ಕೈ ತುಡಿಯುತ್ತದೆ. ಬರೆಯಬಾರದು. ಎರಡು ನಿಜಗಳನ್ನು ಹೊಲಿದು ಮೂರನೇ ನಿಜ ಮಾಡಿದರೆ ಒಂದು ದಿನ ಯಾರಾದರೂ ದಾರ ಎಳೆಯುತ್ತಾರೆ, ಆಗ ಸರಿಯಾಗಿ ಬರೆದ ಪುಟಗಳನ್ನೂ ಜನ ನಂಬುವುದಿಲ್ಲ. ಪ್ರತಿ ವಾಕ್ಯದ ಎದುರು ಅಂಚಿನಲ್ಲಿ ಅದು ಎಲ್ಲಿಂದ ಬಂತು ಎಂದು ಪೆನ್ಸಿಲಿನಲ್ಲಿ ಬರೆದಿಡಿ: ಕಲ್ಲು, ಕಾಗದ, ಬಾಯಿಮಾತು.

ಕಾಗದಗಳಿಗೆ ನಾಲ್ಕು ಕಡೆ ಹುಡುಕಿ. ಮಂದಿರದ್ದೇ ಠರಾವು ಪುಸ್ತಕ, ಲೆಕ್ಕದ ಪುಸ್ತಕ, ಚರ್ಚಾದರೆ ದೀಕ್ಷಾಸ್ನಾನ ಮತ್ತು ಮದುವೆಯ ರಿಜಿಸ್ಟರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಹಳೇ ಪಹಣಿ, ಇನಾಂ ಕಾಗದ. ಬೆಂಗಳೂರಿನ ರಾಜ್ಯ ಪತ್ರಾಗಾರ. ಶಾಸನವಿರುವ ಜಾಗವಾದರೆ ಎಪಿಗ್ರಾಫಿಯಾ ಕರ್ನಾಟಿಕಾದ 7 ಮತ್ತು 8ನೇ ಸಂಪುಟಗಳು. ಶಿವಮೊಗ್ಗ ಜಿಲ್ಲೆಯ ಶಾಸನಗಳು ಆ ಎರಡರಲ್ಲಿವೆ.

ಹಿರಿಯರನ್ನು ಮಾತಾಡಿಸುವುದು ಮುಕ್ಕಾಲು ಗಂಟೆಗೆ ಮೀರದಿರಲಿ. "ಆಗಿನ ಕಾಲ ಹೇಗಿತ್ತು ಅಜ್ಜಿ" ಎಂದು ಕೇಳಿದರೆ "ಚೆನ್ನಾಗಿತ್ತು ಮಗಾ" ಎಂಬ ಉತ್ತರ ಬರುತ್ತದೆ. ವಸ್ತು ತೋರಿಸಿ ಕೇಳಿ: ಈ ಗಂಟೆ ಯಾರು ಬಾರಿಸುತ್ತಿದ್ದರು, ಹಬ್ಬದ ದಿನ ಒಲೆ ಎಲ್ಲಿ ಹೂಡುತ್ತಿದ್ದಿರಿ, ಹೆಂಗಸರು ಯಾವ ಬಾಗಿಲಿನಿಂದ ಬರುತ್ತಿದ್ದರು. ಕೊಚ್ಚಿಯ ಯಹೂದಿ ಹೆಂಗಸರು ಮದುವೆಗೆ, ಹಬ್ಬಕ್ಕೆ ಹಾಡುತ್ತಿದ್ದ ಮಲಯಾಳಂ ಹಾಡುಗಳನ್ನು ನೋಟ್‌ಬುಕ್ಕುಗಳಲ್ಲಿ ಬರೆದಿಟ್ಟು, ಒಬ್ಬರದನ್ನು ನೋಡಿ ಮತ್ತೊಬ್ಬರು ನಕಲು ಮಾಡಿಕೊಳ್ಳುತ್ತಿದ್ದರು. ಊರು ಬಿಟ್ಟು ಇಸ್ರೇಲಿಗೆ ಹೋದ ಮೇಲೂ ಆ ಹಾಡು ಉಳಿದದ್ದು ಈ ನೋಟ್‌ಬುಕ್ಕುಗಳಿಂದ. ನಮ್ಮ ಹಸೆ ಹಾಡಿನ ಪುಸ್ತಕ ಇರುವ ಹಾಗೆಯೇ. ಆದ್ದರಿಂದ ಗಂಡಸರ ಠರಾವು ಪುಸ್ತಕಕ್ಕಿಂತ ಮುಂಚೆ ಹೆಂಗಸರ ಹಾಡಿನ ಪುಸ್ತಕ ಕೇಳಿ. ಪುಸ್ತಕ ಒಯ್ಯಬೇಡಿ, ಅವರ ಜಗಲಿಯಲ್ಲೇ ಕೂತು, ಫ್ಲ್ಯಾಶ್ ಇಲ್ಲದೆ, ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ಪುಟ ಪುಟ ತೆಗೆಯಿರಿ. ಹಾಡಿಸಿ ದನಿಯನ್ನೂ ಹಿಡಿಯಿರಿ. ಎರಡು ಕಡೆ ಪ್ರತಿ ಇರಲಿ, ಒಂದು ಊರಿನಿಂದ ಹೊರಗೆ.

ಜಾಗದ ಕಾಗದ, ಹಣದ ಕಾಗದ

ಮಂದಿರ ಯಾರ ಹೆಸರಿನಲ್ಲಿದೆ? ಸತ್ತುಹೋದ ಹಿರಿಯರೊಬ್ಬರ ಸ್ವಂತ ಹೆಸರಿನಲ್ಲಿ ಖಾತೆ ಇದ್ದರೆ ಅವರ ಮೊಮ್ಮಕ್ಕಳು ಪಾಲು ಕೇಳಬಹುದು. ಸೂರಿನ ಕೆಲಸ ಅರ್ಧವಾದಾಗ ತಡೆಯಾಜ್ಞೆ ಬಂದರೆ ಆಶ್ಚರ್ಯವಿಲ್ಲ. ಪಂಚಾಯಿತಿ ಜಾಗವಾದರೆ ನಮೂನೆ 9 ಮತ್ತು 11, ನಗರದೊಳಗಾದರೆ ಖಾತಾ, ಎರಡಕ್ಕೂ ಸಬ್‌ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ತೆಗೆಸಿ. ಮುಜರಾಯಿ ಅಥವಾ ವಕ್ಫ್‌ಗೆ ಸೇರಿದ್ದಾದರೆ ಅವರ ಲಿಖಿತ ಒಪ್ಪಿಗೆ ಮೊದಲು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಕೇಂದ್ರ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ಕಟ್ಟುವಂತಿಲ್ಲ, ಅದರಾಚೆಯ 200 ಮೀಟರಿಗೂ ಅನುಮತಿ ಬೇಕು. ಇಕ್ಕೇರಿ, ಕೆಳದಿ ದೇವಸ್ಥಾನಗಳ ಅಕ್ಕಪಕ್ಕದವರು ಇದನ್ನು ಮರೆಯಬಾರದು.

ಸಂಘ ಕಟ್ಟಲು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಜನ ಬೇಕು. ಬೈಲಾದಲ್ಲಿ ಎರಡು ಮಾತು ತಪ್ಪದೆ ಸೇರಿಸಿ: ಜಾಗ ಮಾರುವುದಕ್ಕೆ ಏನು ಷರತ್ತು, ಸದಸ್ಯರೇ ಇಲ್ಲವಾದ ದಿನ ಮಂದಿರ ಯಾರಿಗೆ ಹೋಗಬೇಕು. ಇದನ್ನು ಬರೆಯಲು ಮನಸ್ಸು ಒಪ್ಪುವುದಿಲ್ಲ, ಆದರೂ ಬರೆಯಬೇಕು. ಕೇರಳದ ಮಾಳದ ಯಹೂದಿಗಳು 1950ರ ದಶಕದ ಮಧ್ಯದಲ್ಲಿ ಹೊರಡುವ ಮುಂಚೆ ಸಿನಗಾಗನ್ನೂ ಸ್ಮಶಾನವನ್ನೂ ಸ್ಥಳೀಯ ಪಂಚಾಯಿತಿಗೆ ಒಪ್ಪಿಸಿ ಹೋದರು.

ಹೊರದೇಶದಲ್ಲಿರುವವರ ಹಣದ ವಿಷಯ. ಬೇರೆ ದೇಶದ ಪೌರತ್ವ ಪಡೆದವರು ನಿಮ್ಮ ಸ್ವಂತ ದೊಡ್ಡಪ್ಪನ ಮಗನೇ ಆಗಿರಲಿ, ಅವರ ದೇಣಿಗೆ 2010ರ ವಿದೇಶಿ ವಂತಿಗೆ (ನಿಯಂತ್ರಣ) ಕಾಯ್ದೆಯ ಪ್ರಕಾರ ವಿದೇಶಿ ವಂತಿಗೆ. ಕೇಂದ್ರ ಗೃಹ ಇಲಾಖೆಯ ನೋಂದಣಿ ಅಥವಾ ಪೂರ್ವಾನುಮತಿ, ಜೊತೆಗೆ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿ ಖಾತೆ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಭಾರತದ ಪಾಸ್‌ಪೋರ್ಟೇ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅದಕ್ಕೆ ಈ ತೊಡಕಿಲ್ಲ. ರಸೀದಿ ಪುಸ್ತಕದ ಮೇಲೆ ದಾನಿಗೆ ಆದಾಯ ತೆರಿಗೆ ರಿಯಾಯಿತಿ ಇದೆ ಎಂದು ಅಚ್ಚು ಹಾಕಿಸುವ ಮುಂಚೆ ಆಡಿಟರನ್ನು ಕೇಳಿ. ಬರೀ ಧಾರ್ಮಿಕ ಉದ್ದೇಶದ ಸಂಸ್ಥೆಗಳಿಗೆ ಸಾಮಾನ್ಯವಾಗಿ ಅದು ಸಿಗುವುದಿಲ್ಲ.

ಈಗ ಸೂರು

ಕೊಚ್ಚಿಯ ಮಟ್ಟಂಚೇರಿಯ ಕಡವುಂಭಾಗಂ ಸಿನಗಾಗ್‌ನ ಒಳಗಿನ ಕೆತ್ತನೆ ಮರವನ್ನೆಲ್ಲ ಬಿಚ್ಚಿ ಜೆರುಸಲೇಮಿನ ಇಸ್ರೇಲ್ ಮ್ಯೂಸಿಯಮ್ಮಿಗೆ ಒಯ್ದು ಮರುಜೋಡಿಸಿದರು, ಅಲ್ಲಿ ಅದು ಚೆನ್ನಾಗಿದೆ. ಇಲ್ಲಿ ಉಳಿದ ಗೋಡೆಗಳು ಗೋದಾಮಾದವು. 2019ರ ಮಳೆಗೆ ಮುಂಭಾಗ ಕುಸಿಯಿತು. ನೋಡುವ ಕಣ್ಣಿಲ್ಲದ ಕಟ್ಟಡಕ್ಕೆ ಮಳೆ ಮಾಡುವುದು ಇಷ್ಟೇ, ಮೊದಲು ಒಂದು ಹೆಂಚು ಜರುಗುತ್ತದೆ, ರೀಪು ಕೊಳೆಯುತ್ತದೆ, ಪಕಾಸಿ ಜಾರುತ್ತದೆ, ಗೋಡೆಯ ತಲೆಗೆ ನೀರು ಇಳಿಯುತ್ತದೆ.

ಕೆಲಸ ಮೇಲಿನಿಂದ ಕೆಳಗೆ: ಮಾಡು, ನೀರು ಹೊರಹೋಗುವ ದಾರಿ, ಗೋಡೆ, ಕೊನೆಗೆ ನೆಲ. ಹೆಂಚಿನ ಲೆಕ್ಕ ಹೀಗೆ. ಹಾಲ್ 12 ಮೀಟರ್ ಉದ್ದ, 7 ಮೀಟರ್ ಅಗಲ. ಸುತ್ತ 60 ಸೆಂ.ಮೀ. ಚಾಚು ಸೇರಿದರೆ 13.2 × 8.2, ಸುಮಾರು 108 ಚದರ ಮೀಟರ್. ಮಾಡಿನ ಇಳಿಜಾರು 30 ಡಿಗ್ರಿ ಇದ್ದರೆ ಅದನ್ನು 0.866ರಿಂದ ಭಾಗಿಸಿ: 125 ಚದರ ಮೀಟರ್. ಮಂಗಳೂರು ಹೆಂಚು ಚದರ ಮೀಟರಿಗೆ ಸುಮಾರು 15. ಅಲ್ಲಿಗೆ 1,875, ಒಡೆಯುವುದಕ್ಕೆಂದು ಸೇರಿಸಿ 2,000. ನೆತ್ತಿಯ ಹೆಂಚು 40ರಿಂದ 45. ಹಳೇ ಹೆಂಚನ್ನು ಎಸೆಯಬೇಡಿ. ಒಂದೊಂದನ್ನೂ ಕೈಯಲ್ಲಿ ತೂಗಹಾಕಿ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದರೆ ಗಟ್ಟಿ, ಬೊದ್ದು ಸದ್ದು ಬಂದರೆ ಒಳಗೆ ಬಿರುಕಿದೆ. ಹೊಸ ಹೆಂಚಿನ ಅಳತೆ ಹಳೆಯದಕ್ಕಿಂತ ಕೂದಲೆಳೆ ಬೇರೆ ಇರುತ್ತದೆ, ಹಾಗಾಗಿ ಎರಡನ್ನೂ ಬೆರೆಸದೆ, ಒಂದು ಇಳಿಜಾರಿಗೆ ಹಳೆಯದು, ಇನ್ನೊಂದಕ್ಕೆ ಹೊಸದು ಹಾಕಿ. ಬೆರೆಸಿದ ಕಡೆ ಗಾಳಿಮಳೆಗೆ ನೀರು ಹಿಂದಕ್ಕೆ ತಳ್ಳಿ ಒಳಗೆ ಬರುತ್ತದೆ.

ಗೋಡೆಯ ಪಾದದಲ್ಲಿ ಮಣ್ಣು ಏರಿ ಒಳನೆಲದ ಮಟ್ಟಕ್ಕೆ ಬಂದಿದ್ದರೆ ತೆಗೆದು, ಹೊರಗಿನ ನೆಲ ಒಳಗಿನದಕ್ಕಿಂತ ಕನಿಷ್ಠ ಒಂದು ಗೇಣು ಕೆಳಗಿರುವಂತೆ ಮಾಡಿ, ಚರಂಡಿ ತೋಡಿ. ಇದೊಂದರಿಂದಲೇ ಎಷ್ಟೋ ಗೋಡೆಗಳ ಥಂಡಿ ಹೋಗುತ್ತದೆ.

ಜಂಬಿಟ್ಟಿಗೆ ಗೋಡೆಗೆ ಸಿಮೆಂಟ್ ಗಾರೆ ಹಾಕುವುದು ದೊಡ್ಡ ತಪ್ಪು. ಜಂಬಿಟ್ಟಿಗೆ ನೀರು ಹೀರುತ್ತದೆ, ಉಸಿರಾಡಿ ಬಿಡುತ್ತದೆ. ಸಿಮೆಂಟು ಆ ಬಾಯಿ ಮುಚ್ಚಿದರೆ ನೀರು ಒಳಗೇ ಮೇಲೇರಿ, ಉಪ್ಪು ಬಿಳಿಯಾಗಿ ಹೊರಡುತ್ತದೆ, ಕಲ್ಲು ಹಿಟ್ಟಾಗುತ್ತದೆ. ಥಂಡಿಯ ಗೆರೆಗಿಂತ 30 ಸೆಂ.ಮೀ. ಮೇಲಿನವರೆಗೆ ಸಿಮೆಂಟನ್ನು ಕಿತ್ತು, ಒಂದು ಬೇಸಿಗೆ ಪೂರ್ತಿ ಗೋಡೆಯನ್ನು ಬರಿಮೈಯಲ್ಲಿ ಒಣಗಲು ಬಿಡಿ. ಮುಂದಿನ ಡಿಸೆಂಬರಿನಲ್ಲಿ ಸುಣ್ಣದ ಗಾರೆ. ಸುಟ್ಟ ಸುಣ್ಣವನ್ನು ನೀರಿಗೆ ಹಾಕಬೇಕು, ಸುಣ್ಣದ ಮೇಲೆ ನೀರು ಸುರಿಯಬಾರದು. ಅದು ಕುದಿದು ಸಿಡಿಯುತ್ತದೆ, ಕಣ್ಣಿಗೆ ಬಿದ್ದರೆ ಕಣ್ಣೇ ಹೋಗುತ್ತದೆ. ಕನ್ನಡಕ ಹಾಕದವರನ್ನು ಹತ್ತಿರ ಬಿಡಬೇಡಿ. ಅರಳಿದ ಸುಣ್ಣವನ್ನು ಗುಂಡಿಯಲ್ಲಿ ನೀರಿನಡಿ ಕನಿಷ್ಠ ನಾಲ್ಕು ವಾರ ಕೊಳೆಹಾಕಿ. ಬೆಣ್ಣೆಯಂತಾದ ಸುಣ್ಣ 1 ಪಾಲು, ತೊಳೆದ ಮರಳು 3 ಪಾಲು. ಮಳೆ ಹೊಡೆಯುವ ಪಡುವಣ ಗೋಡೆಗೆ ಸುಣ್ಣ 1, ಇಟ್ಟಿಗೆ ಹುಡಿ 1, ಮರಳು 2. ಹತ್ತು ಚದರ ಮೀಟರ್ ಗೋಡೆಗೆ 12 ಮಿ.ಮೀ. ದಪ್ಪದ ಒಂದು ಪದರಕ್ಕೆ ಸುಮಾರು 40 ಲೀಟರ್ ಸುಣ್ಣ, 120 ಲೀಟರ್ ಮರಳು ಹಿಡಿಯುತ್ತದೆ. ಒಂದೇ ಸಲ ದಪ್ಪ ಮೆತ್ತಿದರೆ ಬಿರಿಯುತ್ತದೆ. ಒದ್ದೆ ಗೋಣಿ ಇಳಿಬಿಟ್ಟು ಏಳರಿಂದ ಹತ್ತು ದಿನ ತೇವ ಕಾಯಿರಿ, ಮಾರ್ಚಿಯೊಳಗೆ ಮುಗಿಸಿ. ಸುಣ್ಣ ಗಟ್ಟಿಯಾಗುವುದು ಗಾಳಿಯಿಂದ, ಅದಕ್ಕೆ ಮಳೆಗಿಂತ ಮುಂಚೆ ಎರಡು ತಿಂಗಳಾದರೂ ಬೇಕು. ಮೇಲೆ ಸುಣ್ಣವನ್ನೇ ಬಳಿಯಿರಿ, ಪ್ಲಾಸ್ಟಿಕ್ ಪೇಂಟು ಬೇಡ.

ಏನನ್ನಾದರೂ ಬದಲಿಸುವ ಮುಂಚೆ ಅದು ಯಾಕಿದೆ ಎಂದು ಕೇಳಿ. ಕೇರಳದ ಸಿನಗಾಗ್‌ಗಳಲ್ಲಿ ಓದುವ ವೇದಿಕೆ ಎರಡು: ಒಂದು ಹಾಲ್‌ನ ನಡುವೆ, ಇನ್ನೊಂದು ಮೇಲಿನ ಅಟ್ಟದಲ್ಲಿ. ಈ ಎರಡನೆಯದು ಕೇರಳದ ವಿಶೇಷ. ಒಳಗೆ ಚಪ್ಪಲಿ ಕಳಚಿ ಬರುವುದೂ ಆ ನೆಲದ ಪದ್ಧತಿ. ಗೊತ್ತಿಲ್ಲದ ಮೇಸ್ತ್ರಿ ಅಟ್ಟದ ವೇದಿಕೆಯನ್ನು ಬೇಡದ ಮರ ಎಂದು ಬಿಚ್ಚಿಬಿಟ್ಟರೆ ಅದರೊಂದಿಗೆ ಒಂದು ಆಚರಣೆಯೇ ಹೋಯಿತು. ನಿಮ್ಮ ಕಾವಿ ನೆಲವನ್ನು ಕಿತ್ತು ಗ್ರಾನೈಟು ಹಾಕುವ ಮುನ್ನ ಇದನ್ನು ನೆನೆಯಿರಿ. ಮುಂಬೈಯ ಫೋರ್ಟಿನಲ್ಲಿರುವ 1884ರ ಕೆನೆಸೆತ್ ಎಲಿಯಾಹೂ ಸಿನಗಾಗನ್ನು ಇಂಥ ಎಚ್ಚರದಿಂದಲೇ ದುರಸ್ತಿ ಮಾಡಿ 2019ರಲ್ಲಿ ತೆರೆದರು. ಆ ವರ್ಷ ಅದಕ್ಕೆ ಯುನೆಸ್ಕೋದ ಏಷ್ಯಾ-ಪೆಸಿಫಿಕ್ ಪುರಸ್ಕಾರ ಬಂತು. ಇಂದಿಗೂ ಅಲ್ಲಿ ಪ್ರಾರ್ಥನೆ ನಡೆಯುತ್ತದೆ. ಕೇರಳದ ಪರವೂರಿನ ಸಿನಗಾಗ್ ಕೂಡ ಅಂದವಾಗಿ ದುರಸ್ತಿಯಾಗಿದೆ, ಆದರೆ ಮ್ಯೂಸಿಯಮ್ಮಾಗಿ. ಎರಡೂ ಒಳ್ಳೆಯ ಕೆಲಸವೇ, ನಿಮ್ಮ ಗುರಿ ಯಾವುದು ಎಂದು ಹಣ ಎತ್ತುವ ಮೊದಲೇ ಜನರಿಗೆ ಹೇಳಿ.

ಬೀಗದ ಕೈ

ಕೋಲ್ಕತ್ತದ ಸಿನಗಾಗ್‌ಗಳನ್ನು ತಲೆಮಾರುಗಳಿಂದ ಗುಡಿಸಿ, ದೀಪ ಒರೆಸಿ ಕಾಯ್ದವರು ಮುಸ್ಲಿಂ ಕುಟುಂಬಗಳವರು. ಯಹೂದಿಗಳು ಬೆರಳೆಣಿಕೆಗೆ ಇಳಿದ ಮೇಲೂ 1884ರ ಮಾಘೆನ್ ಡೇವಿಡ್ ಹಾಳು ಬೀಳದೆ ಇರುವುದರಲ್ಲಿ ಅವರ ಪಾಲು ದೊಡ್ಡದು. ನಿಮ್ಮವರೇ ಆಗಬೇಕು ಎಂದು ಕಾಯಬೇಡಿ. ಎದುರು ಮನೆಯವರು, ಪಕ್ಕದ ಅಂಗಡಿಯವರು ನಂಬಿಕಸ್ಥರಾದರೆ ಬೀಗದ ಕೈ ಅವರಲ್ಲಿರಲಿ. ಸಂಬಳ ಬ್ಯಾಂಕಿಗೆ, ತಿಂಗಳ ಐದನೇ ತಾರೀಕಿನೊಳಗೆ. ಪುಣ್ಯದ ಕೆಲಸ ಎಂದು ಹೇಳಿ ದುಡಿಸಿಕೊಳ್ಳುವುದು ತಪ್ಪು. ಕೆಲಸ ಏನೇನು ಎಂದು ಒಂದು ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸಿ: ಒಣಹವೆಯ ದಿನ ಎರಡು ಗಂಟೆ ಕಿಟಕಿ ತೆರೆಯುವುದು, ಗೆದ್ದಲ ಮಣ್ಣಿನ ಗೆರೆ ಹುಡುಕುವುದು, ದೊಡ್ಡ ಮಳೆಯ ಮರುದಿನ ಅಟ್ಟ ಹತ್ತಿ ನೋಡುವುದು. ಕೈಗಳು ಮೂರು ಇರಲಿ, ಯಾರ ಹತ್ತಿರ ಯಾವುದು ಎಂಬುದು ಪುಸ್ತಕದಲ್ಲಿರಲಿ.

ನೋಡಲು ಬರುವವರಿಗೆ ಹೊತ್ತು ಗೊತ್ತು ಮಾಡಿ. ಪರದೇಸಿ ಸಿನಗಾಗ್ ನೋಡಲು ದಿನಾ ಜನ ಬರುತ್ತಾರೆ, ಆದರೂ ಶನಿವಾರ, ಅಂದರೆ ಅವರ ವಾರದ ವಿಶ್ರಾಂತಿಯ ಸಬ್ಬತ್ತಿನ ದಿನ, ಯಹೂದಿ ಹಬ್ಬಗಳಂದು ಪ್ರವಾಸಿಗಳಿಗೆ ಬಾಗಿಲಿಲ್ಲ. ಟಿಕೆಟ್ಟಿನ ಆಸೆಗೆ ಪ್ರಾರ್ಥನೆಯ ದಿನ ಬಿಟ್ಟುಕೊಡಬೇಡಿ.

ಹಳೇ ಗ್ರಂಥಗಳಿದ್ದರೆ ಮಳೆಗಾಲದಲ್ಲಿ ಬಿಚ್ಚಬೇಡಿ, ಬಿಸಿಲಿಗೆ ಒಡ್ಡಬೇಡಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಡಿ. ಹತ್ತಿ ಬಟ್ಟೆ ಸುತ್ತಿ, ನೆಲ ಗೋಡೆ ಎರಡಕ್ಕೂ ತಾಗದ ಮರದ ಪೆಟ್ಟಿಗೆಯಲ್ಲಿಡಿ. ತೋರಾ ಸುರುಳಿಯ ಚರ್ಮವನ್ನು ಯಹೂದಿಗಳು ಬರಿಗೈಯಲ್ಲಿ ಮುಟ್ಟುವುದಿಲ್ಲ, ಸಾಲು ತೋರಿಸಲು ಬೆಳ್ಳಿಯ ಕಡ್ಡಿ ಬಳಸುತ್ತಾರೆ. ಒಂದು ಅಕ್ಷರ ಅಳಿಸಿದರೂ ಲಿಪಿಕಾರ ತಿದ್ದುವವರೆಗೆ ಅದನ್ನು ಓದುವಂತಿಲ್ಲ. ಓದಲಾಗದಷ್ಟು ಜೀರ್ಣವಾದದ್ದನ್ನು ಮಣ್ಣು ಮಾಡುತ್ತಾರೆ. ನಿಮ್ಮಲ್ಲೂ ಜೀರ್ಣ ಪುಸ್ತಕವನ್ನು ಏನು ಮಾಡಬೇಕು ಎಂದು ಹಿರಿಯರನ್ನು ಕೇಳಿ ತೀರ್ಮಾನಿಸಿ, ಆದರೆ ಅದಕ್ಕಿಂತ ಮುಂಚೆ ಪುಟಗಳ ಫೋಟೊ ಆಗಿರಲಿ. ಓಲೆಗರಿಯಾದರೆ ನೀವೇ ಎಣ್ಣೆ ಹಚ್ಚಲು ಹೋಗದೆ ಕೆಳದಿಯ ವಸ್ತುಸಂಗ್ರಹಾಲಯದವರನ್ನು ವಿಚಾರಿಸಿ.

ಜನ ಕೂತು ಹೋಗಲು ಒಂದು ತಟ್ಟೆ

ಪ್ರಾರ್ಥನೆ ಮುಗಿದ ಮೇಲೆ ಕೂಡಲೇ ಎದ್ದು ಹೋಗುವ ಸಭೆ ಬೆಳೆಯುವುದಿಲ್ಲ. ಬೆನೆ ಇಸ್ರೇಲಿಗಳು ಪ್ರವಾದಿ ಎಲಿಯಾಹುವಿನ ಹೆಸರಿನಲ್ಲಿ ಮಲಿದಾ ಮಾಡಿ ಹಂಚುತ್ತಾರೆ. ನಮ್ಮ ಸಿಹಿ ಅವಲಕ್ಕಿಗೆ ತೀರಾ ಹತ್ತಿರದ ನಂಟು. ಒಲೆ ಹೂಡಬೇಕಿಲ್ಲ, ಇಬ್ಬರು ಅರ್ಧ ಗಂಟೆಯಲ್ಲಿ ಮಾಡಬಹುದು. 25 ಜನಕ್ಕೆ: ಮಧ್ಯಮ ದಪ್ಪದ ಅವಲಕ್ಕಿ 1 ಕೆ.ಜಿ., ಎರಡು ನೀರಿನಲ್ಲಿ ತೊಳೆದು ಜಾಲರಿಯಲ್ಲಿ ಕಾಲು ಗಂಟೆ ಬಸಿಯಿರಿ. ತೆಳು ಅವಲಕ್ಕಿ ತಂದರೆ ಮುದ್ದೆಯಾಗುತ್ತದೆ. ತೆಂಗಿನಕಾಯಿ 2, ತುರಿದು, ಸಕ್ಕರೆ 350ರಿಂದ 400 ಗ್ರಾಂ, ಏಲಕ್ಕಿ 10–12, ಕುಟ್ಟಿ, ಗೋಡಂಬಿ, ಬಾದಾಮಿ, ದ್ರಾಕ್ಷಿ ಸೇರಿ 100 ಗ್ರಾಂ, ಚಿಟಿಕೆ ಉಪ್ಪು. ಸಕ್ಕರೆಯನ್ನು ಮೊದಲು ತೆಂಗಿನ ತುರಿಗೆ ತಿಕ್ಕಿ ನೀರೊಡೆಸಿ, ಆಮೇಲೆ ಅವಲಕ್ಕಿಗೆ ಕಲಸಿ. ಮೇಲೆ ಬಾಳೆಹಣ್ಣು, ಸುತ್ತ ಹಣ್ಣಿನ ಹೋಳು. ಬೆನೆ ಇಸ್ರೇಲಿಗಳು ಸಬ್ಬತ್ತಿಗೆ ವೈನಿನ ಬದಲು ಒಣದ್ರಾಕ್ಷಿ ಶರಬತ್ತು ಮಾಡುತ್ತಾರೆ: ಕಪ್ಪು ದ್ರಾಕ್ಷಿ ಅರ್ಧ ಕೆ.ಜಿ. ರಾತ್ರಿ ಎರಡು ಲೀಟರ್ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಕುದಿಸಿ, ಹಿಂಡಿ ಸೋಸುವುದು. ಮಕ್ಕಳು ಇದಕ್ಕಾಗಿಯೇ ಬರುತ್ತಾರೆ. ಬರಲಿ.

ಮಕ್ಕಳಿಗೆ ಪಾಠ ಬೇಡ, ಕೆಲಸ ಕೊಡಿ. ಗಂಟೆ ಒಬ್ಬರಿಗೆ, ಹಾಜರಿ ಪುಸ್ತಕ ಒಬ್ಬರಿಗೆ, ದೀಪಕ್ಕೆ ಬತ್ತಿ ಹೊಸೆಯುವುದು ಒಬ್ಬರಿಗೆ. ಕಥೆ ಹೇಳಬೇಕೆಂದರೆ ಊರಿನ ರೂಪದಲ್ಲೇ ಹೇಳಿ: 19ನೇ ಶತಮಾನದ ಕೊನೆಯ ಭಾಗದಲ್ಲಿ ಬೆನೆ ಇಸ್ರೇಲಿಗಳು ತಮ್ಮ ಧರ್ಮಗ್ರಂಥದ ಕಥೆಗಳನ್ನು ಮರಾಠಿ ಕೀರ್ತನೆಯ ರೂಪದಲ್ಲಿ ಹಾಡಿ ಹೇಳಿದರು. ತಾಳಮದ್ದಳೆ, ಹರಿಕಥೆ ಕೇಳಿ ಬೆಳೆದ ಊರಿಗೆ ಅದನ್ನು ವಿವರಿಸಬೇಕಿಲ್ಲ.

ಒಂಬತ್ತು ಜನ ಬಂದ ದಿನ

ಹತ್ತು ಎಂದು ಗೊತ್ತು ಮಾಡಿಕೊಂಡ ಮೇಲೆ ಒಂಬತ್ತೇ ಜನ ಬರುವ ದಿನ ಬಂದೇ ಬರುತ್ತದೆ. ಆಗ ಕಾಲು ಗಂಟೆ ಕಾಯಿರಿ, ಅದಕ್ಕಿಂತ ಹೆಚ್ಚು ಬೇಡ. ಹೊತ್ತಿಗೆ ಬಂದವರಿಗೆ ಶಿಕ್ಷೆ ಕೊಟ್ಟಂತಾಗುತ್ತದೆ. ಬಾರದವರಿಗೆ ಸಭೆಯ ನಡುವಿನಿಂದ ಫೋನ್ ಮಾಡಬೇಡಿ. ಹತ್ತರ ಪ್ರಾರ್ಥನೆಯನ್ನು ಬಿಟ್ಟು, ಒಬ್ಬೊಬ್ಬರೇ ಹೇಳಬಹುದಾದದ್ದನ್ನು ಒಟ್ಟಿಗೆ ಕೂತು ಹೇಳಿ. ಬತ್ತಿ ಹೊಸೆದ ಮಗುವಿನಿಂದಲೇ ದೀಪ ಹಚ್ಚಿಸಿ, ಅವಲಕ್ಕಿ ಹಂಚಿ. ಹಾಜರಿ ಪುಸ್ತಕದಲ್ಲಿ 9 ಎಂದೇ ಬರೆಯಿರಿ. ಮರುದಿನ ಬೆಳಿಗ್ಗೆ, ಬಾರದ ಆ ಒಬ್ಬರ ಮನೆಗೆ ಇಬ್ಬರು ಹೋಗಿ, ಒಂದು ಡಬ್ಬಿಯಲ್ಲಿ ಅವರ ಪಾಲಿನ ಅವಲಕ್ಕಿ ಕೊಟ್ಟು, ಆರೋಗ್ಯ ವಿಚಾರಿಸಿ ಬನ್ನಿ.